ರೇಷನ್ ಅಕ್ಕಿ ಬಂತು, ಜೊತೆಗೇನು? ಹಳ್ಳಿ ಮನೆಯ ತಟ್ಟೆ ಗಟ್ಟಿ ಮಾಡುವ ಬಗೆ

ಹೊಟ್ಟೆಗಿಲ್ಲದೆ ಮಲಗುವ ಮನೆಗಳು ನಮ್ಮ ರಾಜ್ಯದಲ್ಲಿ ಮೊದಲಿಗಿಂತ ಕಡಿಮೆಯಾಗಿವೆ. 2013ರಲ್ಲಿ ಕೇಂದ್ರದ ಆಹಾರ ಭದ್ರತಾ ಕಾಯ್ದೆ ಬಂತು, ಅದೇ ವರ್ಷ ಇಲ್ಲಿ ಅನ್ನಭಾಗ್ಯವೂ ಶುರುವಾಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ಶೇ. 65.5, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತ ಕಡಿಮೆ. ಅಕ್ಕಿ ಮನೆಗೆ ಬರುತ್ತಿದೆ, ಹೊಟ್ಟೆಯೂ ತುಂಬುತ್ತಿದೆ. ಮೈಗೆ ಮಾತ್ರ ಹತ್ತುತ್ತಿಲ್ಲ. ಅನ್ನದ ಪಕ್ಕದಲ್ಲಿ ಇರಬೇಕಾದ ಕಾಳು, ಸೊಪ್ಪು, ಮೊಟ್ಟೆ, ಹಾಲು ತಟ್ಟೆಯಿಂದ ಜಾರಿಹೋಗಿವೆ.

ಇದನ್ನು ಬರೆಯುತ್ತಿರುವುದು ಒಂದೆರಡು ಎಕರೆ ಮಳೆ ನಂಬಿದ ಹೊಲ, ಒಂದು ಬಿಪಿಎಲ್ ಕಾರ್ಡು, ಮನೆಯಲ್ಲಿ ಸಣ್ಣ ಮಕ್ಕಳು ಇರುವವರಿಗೆ. ಹೊಲ ಇಲ್ಲದವರು ಮೂರನೇ ಹಂತ ಬಿಟ್ಟು ಉಳಿದದ್ದನ್ನು ಮಾಡಬಹುದು. ಬಯಲುಸೀಮೆಯ ರಾಗಿ ಊಟವನ್ನೇ ಮುಂದಿಟ್ಟುಕೊಂಡಿದ್ದೇನೆ. ಬೇರೆ ಕಡೆಯವರು ತಮ್ಮ ಬೆಳೆಗೆ ಹೊಂದಿಸಿಕೊಳ್ಳಿ.

1. ಮೊದಲು ಒಂದು ವಾರ ತಟ್ಟೆ ನೋಡಿ

ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಊಟದ ಲೆಕ್ಕ ಬರೆಯಿರಿ. ಅನ್ನ, ಮುದ್ದೆ, ರೊಟ್ಟಿ ಬರೆಯಬೇಡಿ, ಅವು ಹೇಗಿದ್ದರೂ ಇರುತ್ತವೆ. ಕಾಳು ತಿಂದ ದಿನ ‘ಕಾ’, ಸೊಪ್ಪಿಗೆ ‘ಸೊ’, ತರಕಾರಿಗೆ ‘ತ’, ಹಾಲು-ಮೊಸರಿಗೆ ‘ಹಾ’, ಮೊಟ್ಟೆಗೆ ‘ಮೊ’, ಮೀನು-ಮಾಂಸಕ್ಕೆ ‘ಮಾ’, ಹಣ್ಣಿಗೆ ‘ಹ’.

ಇಲ್ಲಿ ಮೋಸ ಮಾಡಿಕೊಳ್ಳುವುದು ಸುಲಭ. ಬೇಳೆ ಹುಡುಕಿದರೂ ಸಿಗದ ತಿಳಿಸಾರನ್ನು ಕಾಳಿನ ಲೆಕ್ಕಕ್ಕೆ ಸೇರಿಸಬೇಡಿ. ಆಲೂಗಡ್ಡೆ, ಈರುಳ್ಳಿ ತರಕಾರಿ ಅಲ್ಲ ಅಂತ ಅಂದುಕೊಳ್ಳಿ. ಇನ್ನೊಂದು ಮಾತು: ಮನೆಯ ಲೆಕ್ಕ ಒಂದು, ಸೊಸೆಯ ಲೆಕ್ಕ ಒಂದು, ಮಗುವಿನ ಲೆಕ್ಕ ಒಂದು ಬೇರೆ ಬೇರೆ ಬರೆಯಿರಿ. ಒಂದೇ ಪಾತ್ರೆಯ ಅಡುಗೆಯಾದರೂ ಮೂರೂ ಒಂದೇ ಇರುವುದಿಲ್ಲ, ಬರೆದಾಗ ಗೊತ್ತಾಗುತ್ತದೆ.

ಮಗುವಿಗೆ ಒಂದು ಅಳತೆ ಇದೆ. 6 ತಿಂಗಳಿಂದ 2 ವರ್ಷದವರೆಗೆ ಎದೆಹಾಲೂ ಸೇರಿದಂತೆ ಎಂಟು ಬಗೆಯ ಆಹಾರದಲ್ಲಿ ದಿನಕ್ಕೆ ಕನಿಷ್ಠ ಐದು ಬಗೆ ಸಿಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಸ್ಕತ್ತು, ಕುರುಕಲು ಪ್ಯಾಕೆಟ್ಟು ಈ ಎಂಟರಲ್ಲಿ ಯಾವುದಕ್ಕೂ ಬರುವುದಿಲ್ಲ.

2. ನಿಮ್ಮ ಪಾಲಿನದನ್ನು ತೆಗೆದುಕೊಳ್ಳಿ

ಕಾಸು ಖರ್ಚಿಲ್ಲದ ಹಂತ ಇದು. ಓಡಾಟ ಮಾತ್ರ ಇದೆ.

ಕಾಯ್ದೆ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ತಲಾ 5 ಕಿಲೋ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ ಧಾನ್ಯ. ಕೇಂದ್ರದ ಈ ಪಾಲು 2023ರಿಂದ ಉಚಿತ. ಇದರ ಮೇಲೆ ರಾಜ್ಯ ಸೇರಿಸುವ ಪಾಲು ಬದಲಾಗುತ್ತಾ ಬಂದಿದೆ. 2023ರ ಜುಲೈನಿಂದ ಹೆಚ್ಚುವರಿ 5 ಕಿಲೋ ಬದಲು ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರಲ್ಲಿ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ಹಾಗಾಗಿ ಪಕ್ಕದ ಮನೆಯವರ ಮಾತು ನಂಬಿ ಕೂರಬೇಡಿ, ಈ ತಿಂಗಳು ಎಷ್ಟು ಅಂತ ನ್ಯಾಯಬೆಲೆ ಅಂಗಡಿಯ ಬೋರ್ಡ್ ನೋಡಿ. ರಾಗಿ ಅಥವಾ ಜೋಳ ಕೊಡುವ ತಿಂಗಳಲ್ಲಿ ಅದನ್ನು ಬಿಡಬೇಡಿ.

ಕಾರ್ಡಿನಲ್ಲಿ ಎಲ್ಲರ ಹೆಸರೂ ಇದೆಯಾ, ಎಲ್ಲರ ಇ-ಕೆವೈಸಿ ಆಗಿದೆಯಾ ನೋಡಿಕೊಳ್ಳಿ. ಸಾಮಾನ್ಯವಾಗಿ ಬಿಟ್ಟುಹೋಗುವುದು ಹೊಸದಾಗಿ ಬಂದ ಸೊಸೆಯ ಹೆಸರು, ಈಚೆಗೆ ಹುಟ್ಟಿದ ಮಗುವಿನ ಹೆಸರು. ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿದ್ದರೆ ಅಲ್ಲಿ ತೆಗೆಸದೆ ಇಲ್ಲಿ ಸೇರಿಸಲು ಬರುವುದಿಲ್ಲ. ತಿದ್ದುಪಡಿಗೆ ಅವಕಾಶ ಕೊಟ್ಟ ದಿನಗಳಲ್ಲಿ ಗ್ರಾಮ ಒನ್‌ನಲ್ಲಿ ಮಾಡಿಸಿ. ತೂಕದಲ್ಲಿ ಕಡಿಮೆ ಬಂದರೆ, ಬೆರಳಚ್ಚು ತೆಗೆದುಕೊಂಡು ನಾಳೆ ಬನ್ನಿ ಅಂದರೆ ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ಅಲ್ಲೇ ಯಾವುದಾದರೂ ನ್ಯಾಯಬೆಲೆ ಅಂಗಡಿಯಲ್ಲಿ ತಮ್ಮ ಪಾಲು ತೆಗೆದುಕೊಳ್ಳಬಹುದು.

ರೇಷನ್ ಅಕ್ಕಿಯ ಬಗ್ಗೆ ಒಂದು ಗಾಳಿಸುದ್ದಿ ಊರೂರಲ್ಲಿದೆ. ನಡುವೆ ಬೇರೆ ಬಣ್ಣದ ಕಾಳು ಸಿಗುತ್ತವೆ, ತೊಳೆಯುವಾಗ ತೇಲುತ್ತವೆ, ಅದು ಪ್ಲಾಸ್ಟಿಕ್ ಅಂತ. ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು ಅವು, ನೂರು ಕಿಲೋಗೆ ಒಂದು ಕಿಲೋದಂತೆ ಬೆರೆಸುತ್ತಾರೆ. ಆರಿಸಿ ಎಸೆಯುವವರು ಆ ಅಕ್ಕಿಗೆ ಸೇರಿಸಿದ ಸತ್ವವನ್ನೇ ಎಸೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಕಾಯಿಲೆ ಇದ್ದರೆ ಮಾತ್ರ ಈ ಅಕ್ಕಿ ಬಗ್ಗೆ ಡಾಕ್ಟರನ್ನು ಒಮ್ಮೆ ಕೇಳಿ.

ಇನ್ನು ಅಂಗನವಾಡಿ. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಲ್ಲಿಂದ ಇಲ್ಲಿಯವರೆಗೆ ಅಂಗನವಾಡಿ ಅಂದರೆ ‘ಮಕ್ಕಳನ್ನು ಬಿಟ್ಟು ಬರುವ ಜಾಗ’ ಅನ್ನುವ ಮಾತೇ ಗಟ್ಟಿಯಾಗಿ ಉಳಿದಿದೆ. ಬಸುರಿ ಮತ್ತು ಬಾಣಂತಿಯರಿಗೂ ಅಲ್ಲಿ ಪಾಲಿದೆ. 2017ರ ಅಕ್ಟೋಬರ್‌ನಲ್ಲಿ ಬಂದ ಮಾತೃಪೂರ್ಣ ಯೋಜನೆಯಲ್ಲಿ ದಿನಕ್ಕೊಂದು ಬಿಸಿಯೂಟ ಸಿಗಬೇಕು. ತುಂಬಿದ ಬಸುರಿ ತೋಟದ ಮನೆಯಿಂದ ಮಧ್ಯಾಹ್ನದ ಬಿಸಿಲಲ್ಲಿ ಒಂದು ಕಿಲೋಮೀಟರ್ ನಡೆದು ಊಟಕ್ಕೆ ಹೋಗೋದು ಕಷ್ಟದ ಮಾತೇ. ಅಂಥವರ ಊಟವನ್ನು ಹೇಗೆ ಮುಟ್ಟಿಸುವುದು ಅಂತ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಕೇಳಿ. ಆ ಸಮಿತಿಯಲ್ಲಿ ತಾಯಂದಿರೇ ಇರುತ್ತಾರೆ, ಕೇಳಿದರೆ ದಾರಿ ಸಿಗುತ್ತದೆ.

ಶಾಲೆಯ ಮೊಟ್ಟೆ 2024ರಿಂದ ವಾರಕ್ಕೆ ಆರು ದಿನ ಆಗಿದೆ. ತಿನ್ನದವರಿಗೆ ಬಾಳೆಹಣ್ಣು. ಸಂಜೆ ಮಗು ಬಂದಾಗ “ಇವತ್ತು ಮೊಟ್ಟೆ ಕೊಟ್ರಾ?” ಅಂತ ಕೇಳಿ. ಅಷ್ಟೇ ಸಾಕು.

3. ಹೊಲದಲ್ಲಿ ಅಕ್ಕಡಿ ಸಾಲು ವಾಪಸ್ ತನ್ನಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಜಾಸ್ತಿ ಫಲ ಕೊಡುವ ಹಂತ ಇದು.

ಐದು ಜನರ ಮನೆಗೆ ತಲಾ 50 ಗ್ರಾಂ ಅಂತ ಹಿಡಿದರೂ ವರ್ಷಕ್ಕೆ ಸುಮಾರು 90 ಕಿಲೋ ಬೇಳೆಕಾಳು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು ಇನ್ನೂ ಜಾಸ್ತಿ, ದಿನಕ್ಕೆ 85 ಗ್ರಾಂ. ಇಷ್ಟನ್ನು ಅಂಗಡಿಯಿಂದ ತರುತ್ತೇವೆ ಅಂದರೆ ಆಗಲ್ಲ. ಬೇಳೆ ರೇಟು ಏರಿದ ತಿಂಗಳು ಸಾರು ತೆಳ್ಳಗಾಗುತ್ತದೆ, ನೋಡಿದ್ದೀರಲ್ವಾ? ಬೆಳೆದುಕೊಂಡರೆ ಮಾತ್ರ ವರ್ಷಪೂರ್ತಿ ಕಾಳು ತಿನ್ನಲು ಸಾಧ್ಯ.

ಹಿಂದಿನವರು ರಾಗಿ ಹೊಲವನ್ನು ಬರೀ ರಾಗಿಗೆ ಬಿಡುತ್ತಿರಲಿಲ್ಲ. ನಡುವೆ ಅಕ್ಕಡಿ ಹಾಕುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಒಂದಿಷ್ಟು ಜೋಳ, ಅಂಚಿಗೆ ಹರಳು. ಇದರ ಜಾಣತನ ಇರುವುದು ಕೊಯ್ಲಿನ ಸರದಿಯಲ್ಲಿ. ಬಿತ್ತಿ ಎರಡು ತಿಂಗಳು ಕಳೆಯುವ ಹೊತ್ತಿಗೆ ಅಲಸಂದೆ ಎಳೆಕಾಯಿ ಸಾರಿಗೆ ಬರುತ್ತದೆ. ನಾಲ್ಕು ತಿಂಗಳ ಆಸುಪಾಸಿನಲ್ಲಿ ರಾಗಿ. ಚಳಿ ಶುರುವಾಗಿ ಇಬ್ಬನಿ ಬಿದ್ದಾಗ ಸೊಗಡಿನ ಅವರೆಕಾಯಿ. ಸಂಕ್ರಾಂತಿ ಆಚೀಚೆ ತೊಗರಿ. ಒಂದು ಬಿತ್ತನೆಯಿಂದ ಅರ್ಧ ವರ್ಷದ ಸಾರು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಬೇರು ಆಳಕ್ಕೆ ಬಿಟ್ಟ ತೊಗರಿ ಏನಾದರೂ ಕೊಟ್ಟೇ ಹೋಗುತ್ತದೆ. ಕಾಳಿನ ಗಿಡದ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುವುದು ಬೇರೆ ಲಾಭ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ. ಅವರೆಯಾದರೆ ಎಂಟಕ್ಕೆ ಒಂದು ಸಾಲು ಸಾಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೇಳುವ ಲೆಕ್ಕವೂ ಇದೇ. ಬಿತ್ತುವಾಗ ರಾಗಿಯ ಕೂರಿಗೆ ಹಿಂದೆ ಅಕ್ಕಡಿಗೆ ಒಬ್ಬರು ಬೇರೆ ನಡೆಯಬೇಕು, ಆಳು ಸಾಲದು ಅನ್ನುವುದು ನಿಜ. ಅದಕ್ಕಿಂತ ದೊಡ್ಡ ತೊಡಕು ಕೊಯ್ಲಿನ ಮಷಿನ್ನು. ನಡುವೆ ಹಸಿರು ತೊಗರಿ ನಿಂತಿದ್ದರೆ ಮಷಿನ್ನಿನವನು ಹೊಲಕ್ಕೆ ಇಳಿಯುವುದಿಲ್ಲ. ಇದಕ್ಕೆ ಎರಡು ದಾರಿ ಇದೆ. ಮಷಿನ್ನಿನ ಬಾಯಿ ಎಷ್ಟು ಅಗಲ ಅಂತ ಮೊದಲೇ ಕೇಳಿಕೊಂಡು ಅಷ್ಟಗಲ ರಾಗಿ ಪಟ್ಟೆ ಬಿಟ್ಟು ಅಕ್ಕಡಿ ಹಾಕುವುದು ಒಂದು. ಅದೂ ಆಗದಿದ್ದರೆ ಬದುವಿನುದ್ದಕ್ಕೂ ತೊಗರಿ, ಅವರೆ ಹಾಕಿ, ಮಧ್ಯ ಬರೀ ರಾಗಿ ಬಿಡುವುದು. ಎರಡನೆಯದರಲ್ಲಿ ಕಾಳು ಕಡಿಮೆ ಸಿಗುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ.

ಕಳೆನಾಶಕ ಹೊಡೆಯುವ ಮೊದಲು ಯೋಚಿಸಿ. ನಾವು ಕಳೆ ಅನ್ನುವ ಅಣ್ಣೆ, ಗೋಣಿ, ಹೊನಗೊನ್ನೆ, ಕಿರಕಸಾಲೆ, ಗಣಿಕೆ ಎಲ್ಲ ಸೇರಿದರೇ ಬೆರಕೆ ಸೊಪ್ಪು. ಮುಂಗಾರಿನ ಎರಡು ತಿಂಗಳು ದುಡ್ಡಿಲ್ಲದೆ ಸಿಗುವ ಸೊಪ್ಪಿನ ಸಂತೆ ಅದು. ಔಷಧಿ ಬಿದ್ದ ಹೊಲದಿಂದ ಮಾತ್ರ ಸೊಪ್ಪು ಕೀಳಬೇಡಿ, ಬೇರೆಯವರ ಹೊಲವಾದರೆ ಕೇಳಿಕೊಂಡೇ ಕೀಳಿ.

ಉತ್ತರ ಕರ್ನಾಟಕದಲ್ಲಿ ಮುಂಗಾರಿಗೆ ಸಜ್ಜೆ ಜೊತೆ ತೊಗರಿ, ಹಿಂಗಾರಿಗೆ ಕಡಲೆ ಜೊತೆ ಕುಸುಬೆ. ವಿಷಯ ಅದೇ.

ಆಮೇಲೆ ಮಾರಾಟ. 2025–26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮಾರುವುದು ತಪ್ಪಲ್ಲ. ಆದರೆ ಇರುವ ರಾಗಿಯನ್ನೆಲ್ಲ ಖರೀದಿ ಕೇಂದ್ರಕ್ಕೆ ಹಾಕಿ ಮೂರು ಹೊತ್ತು ಅನ್ನ ಉಣ್ಣುವ ಮನೆಗಳು ಜಾಸ್ತಿಯಾಗಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ವರ್ಷದ ಮುದ್ದೆಗೆ, ಮಗುವಿನ ಸರಿಗೆ (ರಾಗಿ ಗಂಜಿಗೆ) ಬೇಕಾದಷ್ಟು ಚೀಲ ಮೊದಲು ಒಳಗಿಡಿ, ಆಮೇಲೆ ಟ್ರ್ಯಾಕ್ಟರ್ ಕರೆಯಿರಿ.

4. ಹಿತ್ತಲು

ದೊಡ್ಡ ಕೈತೋಟದ ಆಸೆ ಬೇಡ. ನೀರು ಹೊರುವವರು ಮನೆಯ ಹೆಂಗಸರೇ, ದೊಡ್ಡದು ಮಾಡಿದರೆ ಎರಡು ತಿಂಗಳಲ್ಲಿ ಒಣಗುತ್ತದೆ. ಇಷ್ಟಿದ್ದರೆ ಸಾಕು:

- ಒಂದು ನುಗ್ಗೆ ಗಿಡ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಚೆನ್ನಾಗಿ ಕಾಯಿ ಬಿಡುತ್ತದೆ. ಎದೆಮಟ್ಟಕ್ಕೆ ಕಡಿಯುತ್ತಿದ್ದರೆ ಸೊಪ್ಪು ಕೈಗೇ ಸಿಗುತ್ತದೆ.
- ಒಂದು ಪಪ್ಪಾಯ, ಬಚ್ಚಲ ನೀರು ಹೋಗುವ ಕಡೆ ಒಂದು ಬಾಳೆ.
- ದಂಟು ಅಥವಾ ಹರಿವೆಗೆ ಮೂರು ಪುಟ್ಟ ಪಾತಿ. ಮೂರಕ್ಕೂ ಒಂದೇ ದಿನ ಬೀಜ ಹಾಕಬೇಡಿ, ಹತ್ತು ದಿನ ಬಿಟ್ಟು ಹತ್ತು ದಿನ ಹಾಕಿ. ಒಂದು ಕೊಯ್ಯುವಾಗ ಇನ್ನೊಂದು ಎದ್ದಿರುತ್ತದೆ.
- ಬೇಲಿಗೆ ಬಸಳೆ, ಚಪ್ಪರದವರೆ, ಚಕ್ರಮುನಿ. ಚಕ್ರಮುನಿ ಬೇಯಿಸಿ ತಿನ್ನಿ, ಹಸಿ ರಸ ಕುಡಿಯಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು.

ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಊರಲ್ಲೇ ಯಾರಾದರೂ ಅಜ್ಜಿಯ ಮಡಕೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಕೋಳಿ ಸಾಕುವ ಮನೆಯಾದರೆ ನಾಲ್ಕೈದು ಹೇಟೆ ಇಟ್ಟುಕೊಳ್ಳಿ. ನಾಟಿ, ಗಿರಿರಾಜ, ಸ್ವರ್ಣಧಾರ ಯಾವುದಾದರೂ ಆದೀತು. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದೆ ಬಿಡಬೇಡಿ, ಒಮ್ಮೆ ಬಂದರೆ ಇಡೀ ಗೂಡು ಖಾಲಿ. ಮೊಟ್ಟೆ ಮಾರಿ ಆ ದುಡ್ಡಲ್ಲಿ ಮಕ್ಕಳಿಗೆ ಬಿಸ್ಕತ್ತು ತರುವ ವ್ಯಾಪಾರ ಮಾತ್ರ ನಿಲ್ಲಿಸಿ.

5. ಒಲೆಯ ಮೇಲೆ ಕಳೆದುಕೊಳ್ಳಬೇಡಿ

ಬಸ್ಸಾರು ಮಾಡುವವರಿಗೆ ಹೊಸದಾಗಿ ಹೇಳಿಕೊಡಬೇಕಾದ್ದೇನಿಲ್ಲ. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಅದಕ್ಕೇ ಖಾರ ರುಬ್ಬಿ ಹಾಕಿ ಸಾರು. ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ನೀರಿಗಿಳಿದ ಸತ್ವ ಸಾರಿನಲ್ಲೇ ಇರುತ್ತದೆ, ಮೋರಿಗೆ ಹೋಗುವುದಿಲ್ಲ. ಅದೇ ಅನ್ನಕ್ಕೆ ಬಂದಾಗ ಗಂಜಿ ಚೆಲ್ಲುತ್ತೇವೆ. ಅಕ್ಕಿಯನ್ನು ಎರಡು ಸಲಕ್ಕಿಂತ ಜಾಸ್ತಿ ತೊಳೆಯಬೇಡಿ, ನೀರು ಅಳತೆಗಿಟ್ಟು ಇಂಗಿಸಿ. ಬಸಿದರೆ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ.

ಸೊಪ್ಪು-ಕಾಳಿನ ಕಬ್ಬಿಣಾಂಶ ಸುಲಭಕ್ಕೆ ಮೈಗೆ ಸೇರುವುದಿಲ್ಲ. ಜೊತೆಗೆ ಸಿ ಜೀವಸತ್ವ ಬೇಕು. ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಇಲ್ಲವೇ ಊಟದ ಜೊತೆ ಒಂದು ಸೀಬೆ, ನೆಲ್ಲಿಕಾಯಿ ತಿನ್ನಿ. ಊಟವಾದ ಕೂಡಲೇ ಟೀ ಕುಡಿಯುವ ಅಭ್ಯಾಸ ಇದಕ್ಕೆ ನೇರ ಶತ್ರು, ಕನಿಷ್ಠ ಒಂದು ಗಂಟೆ ಬಿಡಿ. ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಇರಲಿ, ಅದರಲ್ಲಿರುವ ಎ ಜೀವಸತ್ವಕ್ಕೆ ಜಿಡ್ಡು ಬೇಕು. ಹುರುಳಿ, ಹೆಸರು, ಅಲಸಂದೆ ಮೊಳಕೆ ಕಟ್ಟಿ ಬೇಯಿಸಿ. ಕಾಳು ಬೇಗ ಬೇಯಲಿ ಅಂತ ಸೋಡ ಹಾಕಿದರೆ ಬಿ1 ಜೀವಸತ್ವ ಹಾಳಾಗುತ್ತದೆ, ರಾತ್ರಿಯೇ ನೆನೆಸಿಡಿ. ಉಪ್ಪು ಅಯೋಡಿನ್ ಇರುವುದೇ ಇರಲಿ.

6. ಮಗುವಿನ ಬಟ್ಟಲು

ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆ ಊಟ. ಇಲ್ಲಿ ಬಹಳ ಮನೆಗಳಲ್ಲಿ ಒಂದೇ ತೊಂದರೆ: ಸರಿಯನ್ನು ನೀರು ನೀರಾಗಿ ಕುಡಿಸುತ್ತಾರೆ. ಮಗುವಿನ ಹೊಟ್ಟೆ ಪುಟ್ಟದು, ನೀರಿನಿಂದಲೇ ತುಂಬಿಬಿಡುತ್ತದೆ. ಗಟ್ಟಿ ಮಾಡಿದರೆ ಗಂಟಲಿಗೆ ಇಳಿಯಲ್ಲ. ಇದಕ್ಕೆ ಮೊಳಕೆ ರಾಗಿಯಲ್ಲಿ ಉಪಾಯ ಇದೆ.

ರಾಗಿಯನ್ನು ನೀರು ತಿಳಿಯಾಗುವವರೆಗೆ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಬಸಿದು, ತೆಳು ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಬುಟ್ಟಿಯಲ್ಲಿಡಿ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಮರುದಿನವೋ ಅದರ ಮರುದಿನವೋ ಬಿಳಿ ತುದಿ ಕಾಣುತ್ತದೆ. ಉದ್ದ ಬೆಳೆಯಲು ಬಿಡದೆ ತೆಗೆದು ನೆರಳಲ್ಲಿ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಉದುರಿಸಿ. ಮುಗ್ಗಲು ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ. ಈಗ ಎರಡು ಡಬ್ಬಿ ಮಾಡಿ. ಜಾಸ್ತಿ ಭಾಗವನ್ನು ಘಮ ಬರುವವರೆಗೆ ಹುರಿದು ಹಿಟ್ಟು ಮಾಡಿ ದೊಡ್ಡ ಡಬ್ಬಿಗೆ. ಒಂದು ಹಿಡಿಯನ್ನು ಹುರಿಯದೆ ಹಾಗೇ ಬೀಸಿ ಸಣ್ಣ ಡಬ್ಬಿಗೆ.

ದೊಡ್ಡ ಡಬ್ಬಿಯ ಹಿಟ್ಟಿನಲ್ಲಿ ಗಟ್ಟಿಯಾಗಿ ಸರಿ ಕಾಯಿಸಿ ಇಳಿಸಿ. ಸ್ವಲ್ಪ ಬಿಸಿ ಇಳಿದಾಗ ಸಣ್ಣ ಡಬ್ಬಿಯಿಂದ ಅರ್ಧ ಚಮಚ ಹಾಕಿ ಕಲಕಿ. ನೋಡನೋಡುತ್ತಲೇ ಸೌಟಿಗೆ ಅಂಟುತ್ತಿದ್ದ ಸರಿ ಸಡಿಲವಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹುರಿದರೆ ಆ ಕಿಣ್ವ ಸಾಯುತ್ತದೆ, ಅದಕ್ಕೇ ಹುರಿಯದ ಡಬ್ಬಿ ಬೇರೆ. ಮತ್ತೆ ಒಂದು ಕುದಿ ಬರಿಸಿ, ಆರಿಸಿ ತಿನ್ನಿಸಿ. ನೀರು ಸೇರಿಸದೆ ಸರಿ ತೆಳ್ಳಗಾಯಿತು, ಹಿಟ್ಟು ಅಷ್ಟೇ ಉಳಿಯಿತು.

ಸರಿಯೊಂದನ್ನೇ ನಂಬಬೇಡಿ. ನುರಿದ ಬೇಳೆ, ಸೊಪ್ಪು, ಮೊಟ್ಟೆ, ತುಪ್ಪ, ಪಪ್ಪಾಯ ಒಂದೊಂದಾಗಿ ಸೇರಿಸುತ್ತಾ ಹೋಗಿ. ಸಕ್ಕರೆ ಬೇಡ. 6ರಿಂದ 8 ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, 9 ತಿಂಗಳಿಂದ ಮೂರು ನಾಲ್ಕು ಸಲ. ಟಿವಿಯಲ್ಲಿ ಬರುವ ಡಬ್ಬಿ ಪುಡಿಗೆ ಸುರಿಯುವ ದುಡ್ಡಲ್ಲಿ ತಿಂಗಳ ಮೊಟ್ಟೆ ಬರುತ್ತದೆ, ಲೆಕ್ಕ ಹಾಕಿ ನೋಡಿ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ತೋಳಿಗೆ ಸುತ್ತುವ ಬಣ್ಣದ ಪಟ್ಟಿಯೂ ಅವರ ಬಳಿ ಇರುತ್ತದೆ. 6 ತಿಂಗಳಿಂದ 5 ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಜಿಲ್ಲಾಸ್ಪತ್ರೆಗಳಲ್ಲಿ ಇದಕ್ಕೇ ಪುನಶ್ಚೇತನ ಕೇಂದ್ರ ಇರುತ್ತದೆ. 11.5ರಿಂದ 12.5ರ ನಡುವೆ ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಊಟದ ಸಲ ಹೆಚ್ಚಿಸಿ.

7. ಉಣ್ಣುವ ಸರದಿ

“ನೀವು ಉಣ್ಣಿ ಅತ್ತೆ, ನಂದು ಆಮೇಲೆ.” ಸೊಸೆಯ ಪಾಲಿಗೆ ಆ ‘ಆಮೇಲೆ’ ಬರುವಾಗ ಪಲ್ಯದ ಬಾಣಲೆಯಲ್ಲಿ ಒಗ್ಗರಣೆ ಸಾಸಿವೆ ಮಾತ್ರ ಉಳಿದಿರುತ್ತದೆ. ಬಡಿಸುವ ಮೊದಲೇ ಅವಳ ಪಾಲಿನ ಪಲ್ಯ, ಮೊಟ್ಟೆ ಒಂದು ಬಟ್ಟಲಿಗೆ ಎತ್ತಿಟ್ಟು ಮುಚ್ಚಿ. ಈ ಕೆಲಸ ಅತ್ತೆಯೇ ಮಾಡಿದರೆ ಯಾರೂ ಎದುರಾಡುವುದಿಲ್ಲ. ಬಸುರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ 180 ದಿನ ತಪ್ಪದೆ ಆಗಲಿ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ಮೇಲೆ ನುಂಗಲಿ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳ ಇದ್ದರೆ ತಿಂದದ್ದು ಅವಕ್ಕೇ.

ಯಾವ ತಿಂಗಳಲ್ಲಿ ಯಾವುದು?

ತಟ್ಟೆಯ ಲೆಕ್ಕ, ರೇಷನ್, ಒಲೆ, ಬಟ್ಟಲು ಯಾವ ತಿಂಗಳಾದರೂ ಆದೀತು. ಬೇಸಿಗೆಯಲ್ಲಿ ಓದುತ್ತಿದ್ದರೆ ನುಗ್ಗೆ, ಪಪ್ಪಾಯಕ್ಕೆ ಗುಂಡಿ ತೆಗೆದು ಗೊಬ್ಬರ ತುಂಬಿಡಿ, ಅಕ್ಕಡಿ ಬೀಜ ಯಾರ ಮನೆಯಲ್ಲಿದೆ ವಿಚಾರಿಸಿ. ಆರಿದ್ರಾ ಮಳೆ ಹೊತ್ತಿಗೆ ಹುಡುಕಲು ಹೋದರೆ ಸಿಗುವುದಿಲ್ಲ. ಚಳಿಗಾಲದಲ್ಲಾದರೆ ಅವರೆ, ತೊಗರಿಯಲ್ಲಿ ರೋಗ ಇಲ್ಲದ ಗಿಡ ನೋಡಿ ಕಾಯಿ ಗಿಡದಲ್ಲೇ ಒಣಗಲು ಬಿಡಿ, ಅದು ಬೀಜಕ್ಕೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಕೆಮ್ಮಣ್ಣು ಕಲಸಿದ ನೀರು ಸವರಿ ಮತ್ತೆ ಒಣಗಿಸಿ, ಬೇವಿನ ಸೊಪ್ಪು ಹಾಕಿ ಮಡಕೆಯ ಬಾಯಿ ಕಟ್ಟಿಡಿ. ಊಟದ ಕಾಳಿಗೆ ಒಂದಿಷ್ಟು ಹರಳೆಣ್ಣೆ ಸವರಿದರೂ ಹುಳ ಹತ್ತುವುದಿಲ್ಲ. ಬೀಜದ ಮಡಕೆ, ಊಟದ ಮಡಕೆ ಅಕ್ಕಪಕ್ಕ ಇಡಬೇಡಿ. ಅತಿಥಿ ಬಂದ ದಿನ ಅವಸರದಲ್ಲಿ ಯಾವುದಕ್ಕೆ ಕೈ ಹೋಗುತ್ತದೋ ಹೇಳಲಾಗದು.